ಚಿತ್ರದಲ್ಲಿ ನಿಮ್ನೋನ್ನತ: ವರ್ತನಾಭ್ಯಾಸದ ಚರಿತ್ರೆ

೧

ಗೋಡೆಯು ಸಮತಲವಾದುದು; ಅದರ ಮೇಲೆ ಬರೆದ ಮುಖವಾದರೋ ಉಬ್ಬುತಗ್ಗುಗಳುಳ್ಳದ್ದಾಗಿ ಕಣ್ಣಿಗೆ ತೋರಬೇಕು. ಉದ್ದ ಅಗಲಗಳೆರಡೇ ಇರುವೆಡೆಯಲ್ಲಿ ಮೂರನೆಯದಾದ ದಪ್ಪವನ್ನು ಕಾಣಿಸುವುದು ಹೇಗೆಂಬುದು ಚಿತ್ರವಿದ್ಯೆಯ ಅತ್ಯಂತ ಪುರಾತನವಾದ ಪ್ರಶ್ನೆಗಳಲ್ಲೊಂದು. ಇದಕ್ಕೆ ಉತ್ತರವು ಪ್ರತಿಭೆಯಿಂದ ಮಾತ್ರ ದೊರೆಯತಕ್ಕದ್ದಲ್ಲ. ಕೈಯನ್ನೂ ಕಣ್ಣನ್ನೂ ಮೆಲ್ಲಮೆಲ್ಲನೆ ಪಳಗಿಸುವ ಅಭ್ಯಾಸಕ್ರಮವೊಂದು ಇದಕ್ಕೆ ಬೇಕು. ಚಿತ್ರಕಲೆ ಬೆಳೆದ ದೇಶಗಳಲ್ಲೆಲ್ಲ ಅಂತಹ ಕ್ರಮವೊಂದು ಯಾವುದಾದರೊಂದು ರೂಪದಲ್ಲಿ ಇದ್ದೇ ಇರುವುದು.

ಭರತಖಂಡದ ಮಟ್ಟಿಗೆ ಈ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ಬಹುಕಾಲ ಪ್ರಚಾರದಲ್ಲಿದ್ದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಚಿತ್ರಶಾಲೆಗಳನ್ನು ತೆರೆದ ಆಂಗ್ಲ ಶಿಕ್ಷಕರಲ್ಲಿ ಹಲವರು, ಘನಾಕೃತಿಯನ್ನು ಬರೆಯುವ ವಿದ್ಯೆ ಈ ದೇಶದವರಿಗೆ ತಿಳಿಯದು, ಅದನ್ನು ಗೋಲ ಶಂಕು ಮುಂತಾದ ಮಾದರಿಗಳನ್ನಿಟ್ಟು ಮೊದಲಿನಿಂದ ಕಲಿಸಬೇಕು ಎಂದು ಭಾವಿಸಿದರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ದೇಶೀಯ ಕಲೆಯ ಪಕ್ಷವನ್ನು ವಹಿಸಿದವರಲ್ಲಿ ಕೆಲವರು, ಭಾರತೀಯ ಚಿತ್ರಕ್ಕೆ ರೇಖೆಯೂ ಭಾವವೂ ಮುಖ್ಯ, ದಪ್ಪವನ್ನು ಅದು ಬಯಸಲೇ ಇಲ್ಲ ಎಂದರು. ಒಂದು ನಿಂದೆ, ಮತ್ತೊಂದು ಸ್ತುತಿ. ಆದರೆ ದಪ್ಪವನ್ನು ಕಾಣಿಸುವ ಅಭ್ಯಾಸವು ಇಲ್ಲಿ ಇರಲಿಲ್ಲವೆಂಬ ಅಂಶದಲ್ಲಿ ಎರಡಕ್ಕೂ ಭೇದವಿಲ್ಲ. ಲಕ್ಷಣಗ್ರಂಥಗಳನ್ನೂ ಉಳಿದಿರುವ ಚಿತ್ರಗಳನ್ನೂ ಒಟ್ಟಿಗಿಟ್ಟು ನೋಡಿದರೆ ಈ ಅಂಶವು ನಿಲ್ಲುವುದೇ ಎಂಬುದೇ ಪ್ರಕೃತ ವಿಚಾರ.

೨

ಮೊದಲು ಹೆಸರನ್ನೇ ತೆಗೆದುಕೊಳ್ಳಬಹುದು. ಶಿಲ್ಪಶಾಸ್ತ್ರದ ಪರಿಭಾಷೆಯಲ್ಲಿ 'ಚಿತ್ರ' ಎಂಬ ಮಾತಿಗೆ ಸುತ್ತಲೂ ಕಾಣುವಂತೆ ಕಡೆದ ಪೂರ್ಣಮೂರ್ತಿಯೆಂಬ ಅರ್ಥವುಂಟು. ಗೋಡೆಗೆ ಅಂಟಿಕೊಂಡು ಮುಂಭಾಗ ಮಾತ್ರ ಉಬ್ಬಿದ್ದರೆ ಅದು 'ಅರ್ಧಚಿತ್ರ'. ಬಣ್ಣಗಳಿಂದ ಬರೆದದ್ದು 'ಚಿತ್ರಾಭಾಸ'. ಕೇರಳದ ಶ್ರೀಕುಮಾರನು ಹದಿನಾರನೆಯ ಶತಮಾನದಲ್ಲಿ ರಚಿಸಿದ ಶಿಲ್ಪರತ್ನದಲ್ಲಿ ಈ ಮೂರು ವಿಭಾಗಗಳು ಸ್ಪಷ್ಟವಾಗಿವೆ. ಬರೆದ ಚಿತ್ರವನ್ನು ಆಭಾಸವೆಂದು ಕರೆದುದರ ಅಭಿಪ್ರಾಯವೇನು? ಪೂರ್ಣಮೂರ್ತಿಯಲ್ಲಿ ನಿಜವಾಗಿರುವ ಘನತ್ವವು ಬರೆಹದಲ್ಲಿ ತೋರಿಕೆಯಾಗಿ ಇರುವುದೆಂದೇ. ಘನತ್ವವನ್ನು ಬಯಸದ ಕಲೆಗೆ ಈ ಹೆಸರು ಸಲ್ಲಲಾರದು.

ಕಾವ್ಯನಾಟಕಗಳಲ್ಲಿಯೂ ಇದಕ್ಕೆ ಸಾಕ್ಷಿ ದೊರೆಯುತ್ತದೆ. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ಬರೆದ ಚಿತ್ರಪಟವನ್ನು ನೋಡಿದ ವಿದೂಷಕನು, ತಗ್ಗು ಉಬ್ಬುಗಳಿರುವೆಡೆಗಳಲ್ಲಿ ತನ್ನ ದೃಷ್ಟಿಯು ಎಡವಿದಂತಾಗುತ್ತದೆಂದು ಹೇಳುತ್ತಾನೆ. ಪಾಠ ಹೇಳುವಾಗ ಇದನ್ನು ಹಾಸ್ಯಗಾರನ ಅತ್ಯುಕ್ತಿಯೆಂದು ದಾಟಿಹೋಗುವುದು ವಾಡಿಕೆ. ಆದರೆ ಅಲ್ಲಿ ಬಂದಿರುವ 'ನಿಮ್ನೋನ್ನತ' ಎಂಬುದು ಚಿತ್ರಶಾಸ್ತ್ರದ ಪಾರಿಭಾಷಿಕ ಪದ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು, ಮಲಗಿರುವವನನ್ನು ಚೇತನವುಳ್ಳವನಾಗಿಯೂ ಮೃತನನ್ನು ಚೇತನವಿಲ್ಲದವನಾಗಿಯೂ ತೋರಿಸಬಲ್ಲವನನ್ನು ಚಿತ್ರಜ್ಞನೆಂದು ಹೊಗಳುವಾಗ, ನಿಮ್ನೋನ್ನತಗಳ ವಿಭಾಗವನ್ನು ಮಾಡಬಲ್ಲವನನ್ನೂ ಅದೇ ಪಙ್ಕ್ತಿಯಲ್ಲಿ ಸೇರಿಸುತ್ತದೆ. ವಿದೂಷಕನು ಆಡಿದ್ದು ನಗೆಮಾತಾದರೂ ಅದರೊಳಗಿರುವುದು ಅಂದಿನ ಚಿತ್ರವಿಮರ್ಶೆಯ ಒಂದು ಒರೆಗಲ್ಲು.

೩

ವಿಷ್ಣುಧರ್ಮೋತ್ತರದ ತೃತೀಯ ಖಂಡದಲ್ಲಿ ೩೫ರಿಂದ ೪೩ರ ವರೆಗಿನ ಅಧ್ಯಾಯಗಳಿಗೆ ಚಿತ್ರಸೂತ್ರವೆಂದು ಹೆಸರು. ಸ್ಟೆಲ್ಲಾ ಕ್ರಾಮ್ರಿಶ್ ಅವರು ೧೯೨೪ರಲ್ಲಿ ಇದರ ಆಂಗ್ಲಾನುವಾದವನ್ನು ಪ್ರಕಟಿಸಿದ ಮೇಲೆ ವಿದ್ವಾಂಸರ ಗಮನವು ವಿಶೇಷವಾಗಿ ಇದರ ಕಡೆಗೆ ತಿರುಗಿತು. ೧೯೩೨ರಲ್ಲಿ ಆನಂದ ಕುಮಾರಸ್ವಾಮಿಯವರು ೪೧ನೆಯ ಅಧ್ಯಾಯವನ್ನು ಪ್ರತ್ಯೇಕವಾಗಿ ಪರಿಶೀಲಿಸಿದರು. ದಪ್ಪವನ್ನು ಕಾಣಿಸುವ ಉಪಾಯಗಳು ಇದರಲ್ಲಿ ಎರಡು ಬಗೆಯಾಗಿ ಬಂದಿವೆ.

ಒಂದನೆಯದು ಕ್ಷಯವೃದ್ಧಿ. ದೇಹವು ನೋಡುವವನಿಗೆ ನೇರವಾಗಿ ನಿಂತಿರುವಾಗ ಎರಡು ಪಾರ್ಶ್ವಗಳೂ ಸಮನಾಗಿ ಕಾಣುತ್ತವೆ. ಓರೆಯಾಗಿ ತಿರುಗಿದರೆ ಒಂದು ಪಾರ್ಶ್ವವು ಕುಗ್ಗಿ ಮತ್ತೊಂದು ಹಿಗ್ಗಿದಂತೆ ಕಾಣುತ್ತದೆ. ಹೀಗೆ ತಿರುಗುವ ನಿಲುವುಗಳನ್ನು ಚಿತ್ರಸೂತ್ರವು ಒಂಬತ್ತು ಸ್ಥಾನಗಳನ್ನಾಗಿ ಎಣಿಸಿ, ಕುಗ್ಗು ಹಿಗ್ಗುಗಳನ್ನು ಕ್ಷಯ ವೃದ್ಧಿಗಳೆಂದು ಕರೆದಿದೆ. ಇದು ರೇಖೆಯಿಂದಲೇ ಸಾಧಿಸತಕ್ಕ ಘನತ್ವ.

ಎರಡನೆಯದು ವರ್ತನೆ. ಬಣ್ಣವನ್ನು ಒಂದೇ ಸಮನಾಗಿ ಬಳಿಯದೆ, ಅಂಗವು ಗುಂಡಾಗಿ ತಿರುಗುವೆಡೆಯಲ್ಲಿ ದಟ್ಟವಾಗುವಂತೆ ಮಾಡುವ ಕೆಲಸಕ್ಕೆ ಇದು ಹೆಸರು. ವರ್ತನೆಯು ಮೂರು ವಿಧ: ಪತ್ರಜ, ಐರಿಕ, ಬಿಂದುಜ. ಐರಿಕಕ್ಕೆ ಆಹೈರಿಕವೆಂಬ ಪಾಠವೂ ಉಂಟು. ಎಲೆಯ ಆಕಾರದ ರೇಖೆಗಳಿಂದ ಮಾಡುವುದು ಪತ್ರಜ; ಅತ್ಯಂತ ಸೂಕ್ಷ್ಮವಾದ ಗೆರೆಗಳಿಂದ ಮಾಡುವುದು ಐರಿಕ; ಕುಂಚವನ್ನು ಎಳೆಯದೆ ನಿಲ್ಲಿಸಿ ಇಟ್ಟ ಚುಕ್ಕೆಗಳಿಂದ ಮಾಡುವುದು ಬಿಂದುಜ. ಈ ವಿಭಾಗವು ಫಲವನ್ನು ಹಿಡಿದು ಮಾಡಿದ್ದಲ್ಲ, ಕೈಯ ಚಲನೆಯನ್ನು ಹಿಡಿದು ಮಾಡಿದ್ದೆಂಬುದು ಇಲ್ಲಿ ಗಮನಿಸತಕ್ಕದ್ದು. ಮೂರರಿಂದಲೂ ಸಿದ್ಧಿಸುವುದು ಒಂದೇ ಉಬ್ಬುತಗ್ಗು. ಆದರೆ ಎಲೆಯ ನರಗಳಂತೆ ಗೆರೆಗಳನ್ನು ಹೊಂದಿಸುವ ಕೈಗೂ, ಕೂದಲಿನಂತಹ ಗೆರೆಗಳನ್ನು ಒತ್ತಾಗಿ ಎಳೆಯುವ ಕೈಗೂ, ಚುಕ್ಕೆಗಳನ್ನಿಡುವ ಕೈಗೂ ಬೇಕಾದ ಪಳಗಿಕೆ ಬೇರೆ ಬೇರೆ. ರಸಿಕನಿಗೆ ಇಂತಹ ವಿಭಾಗದಿಂದ ಪ್ರಯೋಜನವಿಲ್ಲ. ಕಲಿಯುವವನಿಗೆ ಇದು ಅವಶ್ಯ. ಆದುದರಿಂದ ಇದು ಕಾರ್ಯಶಾಲೆಯಲ್ಲಿ ಹುಟ್ಟಿ ಶಾಸ್ತ್ರಕ್ಕೆ ಬಂದ ಮಾತೆಂದು ಊಹಿಸುವುದು ಯುಕ್ತ.

ಇದೇ ಅಧ್ಯಾಯವು ಆಚಾರ್ಯರಿಗೆ ರೇಖೆಯೂ ವಿಚಕ್ಷಣರಿಗೆ ವರ್ತನೆಯೂ ಮೆಚ್ಚಿಕೆಯೆಂದು ತಾರತಮ್ಯವನ್ನು ಹೇಳುತ್ತದೆ. ರೇಖೆಗೆ ಮೊದಲ ಸ್ಥಾನವೆಂಬುದಕ್ಕೆ ಈ ಮಾತನ್ನು ಆಧಾರವಾಗಿ ಕೊಡುವುದು ರೂಢಿ. ಅದು ಸರಿಯೇ. ಆದರೆ ವರ್ತನೆಗೆ ಎರಡನೆಯ ಸ್ಥಾನವನ್ನು ಕೊಟ್ಟು, ಆಭರಣಗಳನ್ನೂ ಬಣ್ಣಗಳ ಸಮೃದ್ಧಿಯನ್ನೂ ಅದರ ಕೆಳಗಿಟ್ಟಿರುವುದನ್ನು ಮರೆಯಬಾರದು.

ಸಾಹಿತ್ಯದ ಅಧ್ಯಾಪಕರಿಗೆ ಚಿತ್ರಶಾಸ್ತ್ರವೆಂದೊಡನೆ ನೆನಪಿಗೆ ಬರುವುದು ಷಡಂಗ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ. ಇವನ್ನು ಹೇಳಿರುವವನು ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರ. ಅವನೀಂದ್ರನಾಥ ಠಾಕೂರರು ಇದನ್ನು ವಿವರಿಸಿ ಬರೆದ ಮೇಲೆ ಇದು ಬಹಳ ಪ್ರಸಿದ್ಧಿಗೆ ಬಂದಿತು. ಈ ಆರರಲ್ಲಿ ವರ್ತನೆಯ ಹೆಸರಿಲ್ಲ. ದಪ್ಪವನ್ನು ಕಾಣಿಸುವ ವಿದ್ಯೆ ಇಲ್ಲಿ ಇರಲಿಲ್ಲವೆಂಬ ಭ್ರಾಂತಿಗೆ ಇದೂ ಒಂದು ಕಾರಣವಾಗಿರಬಹುದು. ಆದರೆ ಯಶೋಧರನು ಅರವತ್ತುನಾಲ್ಕು ಕಲೆಗಳ ಪಟ್ಟಿಗೆ ಟೀಕೆ ಬರೆಯುತ್ತಿದ್ದನು. ಚಿತ್ರಕಾರನಿಗೆ ಪಾಠ ಹೇಳುತ್ತಿರಲಿಲ್ಲ. ಚಿತ್ರಕಾರನಿಗಾಗಿಯೇ ಬರೆದ ಗ್ರಂಥವನ್ನು ನೋಡಿದರೆ ಎಣಿಕೆ ಬೇರೆಯಾಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಭೋಜರಾಜನು ರಚಿಸಿದ ಸಮರಾಂಗಣಸೂತ್ರಧಾರವು ಚಿತ್ರಕ್ಕೆ ಎಂಟು ಅಂಗಗಳನ್ನು ಹೇಳುತ್ತದೆ. ಬರೆಯುವ ವರ್ತಿಕೆ, ಭೂಮಿಬಂಧನ, ರೇಖಾಕರ್ಮ, ವರ್ಣಕರ್ಮ ಇವುಗಳ ಜೊತೆಯಲ್ಲಿ ವರ್ತನಾಕ್ರಮವೂ ಅಲ್ಲಿ ಒಂದು ಅಂಗವಾಗಿದೆ. 'ಕ್ರಮ'ವೆಂಬ ಮಾತೇ ಇದು ಹಂತಹಂತವಾಗಿ ಮಾಡತಕ್ಕ ಕೆಲಸವೆಂಬುದನ್ನು ಸೂಚಿಸುತ್ತದೆ.

೪

ಕರ್ಣಾಟಕಕ್ಕೆ ಈ ವಿಷಯದಲ್ಲಿ ವಿಶೇಷವಾದ ಪಾಲುಂಟು. ಕಲ್ಯಾಣದ ಚಾಳುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಭೂಲೋಕಮಲ್ಲನೆಂದೂ ಸರ್ವಜ್ಞನೆಂದೂ ಬಿರುದುಗಳನ್ನು ಪಡೆದು, ಸುಮಾರು ೧೧೨೭ರಿಂದ ೧೧೩೮ರ ವರೆಗೆ ಆಳಿದನು. ಅವನ ಕೃತಿಯಾದ ಮಾನಸೋಲ್ಲಾಸ ಅಥವಾ ಅಭಿಲಷಿತಾರ್ಥಚಿಂತಾಮಣಿಯು ಐದು ವಿಂಶತಿಗಳಾಗಿ ನೂರು ಅಧ್ಯಾಯಗಳುಳ್ಳದ್ದು. ಗ್ರಂಥದೊಳಗೆ ಶಕವರ್ಷ ೧೦೫೧, ಎಂದರೆ ಕ್ರಿ. ಶ. ೧೧೨೯, ಉಕ್ತವಾಗಿರುವುದರಿಂದ ಕಾಲವು ನಿಶ್ಚಿತ. ಇದರ ಪ್ರಥಮ ಭಾಗವನ್ನು ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಮೈಸೂರಿನಿಂದ ಪ್ರಕಟಪಡಿಸಿದರು.

ಮೂರನೆಯ ವಿಂಶತಿಯಲ್ಲಿ, ಅರಸನ ಮನೆಯ ಉಪಭೋಗವನ್ನು ಹೇಳುವ ಸಂದರ್ಭದಲ್ಲಿ, ಚಿತ್ರದ ವಿಷಯ ಬರುತ್ತದೆ. ಗೋಡೆಯನ್ನು ನುಣುಪುಮಾಡುವುದು, ಎಮ್ಮೆಯ ಚರ್ಮವನ್ನು ಬೇಯಿಸಿ ವಜ್ರಲೇಪವೆಂಬ ಅಂಟನ್ನು ಸಿದ್ಧಪಡಿಸುವುದು, ಕಾಡಿಗೆಯನ್ನು ಅನ್ನದ ಅಂಟಿನಲ್ಲಿ ಅರೆದು ವರ್ತಿಕೆಯನ್ನು ಮಾಡುವುದು, ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕಚ್ಚಿಸಿ ಕುಂಚವನ್ನು ಕಟ್ಟುವುದು, ದಪ್ಪ ನಡುತರ ಸಣ್ಣ ಎಂದು ಅದರಲ್ಲಿ ಮೂರು ತೆರ, ಇವೆಲ್ಲವೂ ಅಲ್ಲಿ ಸ್ಪಷ್ಟವಾಗಿ ಉಕ್ತವಾಗಿವೆ. ಇವುಗಳ ಬಳಿಕ ಬರುವ ಎರಡು ವಿಧಿಗಳು ಪ್ರಕೃತ ವಿಷಯಕ್ಕೆ ಮುಖ್ಯವಾದುವು.

ಮೊದಲನೆಯದು ಸೂತ್ರವಿಧಿ. ನೆತ್ತಿಯಿಂದ ಹುಬ್ಬುಗಳ ನಡುವೆ, ಮೂಗಿನ ತುದಿ, ಗಲ್ಲ, ಎದೆ, ನಾಭಿಗಳ ಮೂಲಕ ಪಾದಗಳ ನಡುವಣ ನೆಲಕ್ಕೆ ಇಳಿಯುವ ನೆಟ್ಟನೆಯ ಗೆರೆಗೆ ಬ್ರಹ್ಮಸೂತ್ರವೆಂದು ಹೆಸರು. ಇದರ ಎರಡು ಪಕ್ಕಗಳಲ್ಲಿ ಎರಡು ಪಕ್ಷಸೂತ್ರಗಳು. ಆಕೃತಿಯು ಋಜುವಾಗಿ, ಎಂದರೆ ನೇರವಾಗಿ, ನಿಂತಿರುವಾಗ ನಡುಗೆರೆಗೂ ಪಕ್ಕದ ಗೆರೆಗಳಿಗೂ ಅಂತರವು ಎರಡು ಕಡೆಯೂ ೬ ಅಂಗುಲ. ಸ್ವಲ್ಪ ತಿರುಗಿದ ಅರ್ಧಋಜುವಿನಲ್ಲಿ ಒಂದು ಕಡೆ ೮, ಮತ್ತೊಂದು ಕಡೆ ೪. ಇನ್ನೂ ತಿರುಗಿದ ಸಾಚಿಯಲ್ಲಿ ೧೦ ಮತ್ತು ೨. ಆಚೆಯ ಕಣ್ಣು ಅರ್ಧ ಮಾತ್ರ ಕಾಣುವ ಸ್ಥಾನದಲ್ಲಿ ೧೧ ಮತ್ತು ೧. ಪೂರ್ತಿಯಾಗಿ ಪಕ್ಕಕ್ಕೆ ತಿರುಗಿದ್ದು ಭಿತ್ತಿಕ. ಅಲ್ಲಿ ಒಂದೇ ಪಾರ್ಶ್ವವು ಕಾಣುವುದು.

ಈ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಇವುಗಳ ಸ್ವರೂಪವು ತಿಳಿಯುತ್ತದೆ. ಪ್ರತಿಯೊಂದು ಸ್ಥಾನದಲ್ಲಿಯೂ ಒಟ್ಟು ಮೊತ್ತವು ೧೨; ಒಂದು ಕಡೆ ಕ್ಷಯವಾದಷ್ಟೇ ಮತ್ತೊಂದು ಕಡೆ ವೃದ್ಧಿ. ನಿಜವಾದ ದೇಹವು ತಿರುಗುವಾಗ ಅಗಲಗಳು ಇಷ್ಟು ಸರಳವಾದ ಲೆಕ್ಕಕ್ಕೆ ಒಳಪಡುವುದಿಲ್ಲ. ಇದು ಪ್ರಕೃತಿಯನ್ನು ಅಳೆದು ಕಂಡುಕೊಂಡ ಸಿದ್ಧಾಂತಕ್ಕಿಂತಲೂ, ಬಾಯಿಪಾಠಕ್ಕೆ ಸುಲಭವಾಗಿ, ಗೋಡೆಯ ಮುಂದೆ ನಿಂತವನ ಕೈಗೆ ಥಟ್ಟನೆ ಒದಗುವಂತೆ ಕಟ್ಟಿದ ಅಭ್ಯಾಸದ ಮಗ್ಗಿಯಂತೆ ತೋರುತ್ತದೆ. ಒಂದೇ ಮುಖವನ್ನು ಐದು ಸ್ಥಾನಗಳಲ್ಲಿ ಬರೆದು ನೋಡಿದವನಿಗೆ ಮುಖವು ಹಲಗೆಯಲ್ಲ, ತಿರುಗುವ ವಸ್ತು ಎಂಬ ಅರಿವು ಕೈಯಲ್ಲಿಯೇ ನೆಲೆಗೊಳ್ಳುವುದು.

ಎರಡನೆಯದು ವರ್ಣವಿಧಿ. ಉಬ್ಬಿದ ಸ್ಥಾನದಲ್ಲಿ ಬಣ್ಣವು ಉಜ್ವಲವಾಗಿಯೂ ತಗ್ಗಾದ ಸ್ಥಾನದಲ್ಲಿ ಶ್ಯಾಮಲವಾಗಿಯೂ ಇರಬೇಕೆಂದೂ, ಇದನ್ನು ಒಂದೇ ಬಣ್ಣದ ತಾರತಮ್ಯದಿಂದ ಸಾಧಿಸಬೇಕೆಂದೂ ಸೋಮೇಶ್ವರನು ವಿಧಿಸುತ್ತಾನೆ. ವಾಕ್ಯವು ಚಿಕ್ಕದು, ಅರ್ಥವು ದೊಡ್ಡದು. ಬೇರೆ ಬೇರೆ ಬಣ್ಣಗಳನ್ನು ಸೇರಿಸಿ ಮೆರುಗನ್ನು ತರುವುದಕ್ಕೆ ಮೊದಲು, ಒಂದೇ ಬಣ್ಣವನ್ನು ತೆಳುವಿನಿಂದ ದಟ್ಟಕ್ಕೆ ನಡೆಸಿ, ಕದಪು, ಮೂಗಿನ ಏಣು, ತೋಳಿನ ದುಂಡು ಇವನ್ನು ಎತ್ತಿ ತೋರಿಸಬೇಕು. ಏಕವರ್ಣದಿಂದ ಉಬ್ಬುತಗ್ಗನ್ನು ಬರೆಯುವುದು ಇಂದಿನ ಚಿತ್ರಶಾಲೆಗಳಲ್ಲಿಯೂ ಪ್ರಾರಂಭದ ಪಾಠಗಳಲ್ಲೊಂದು.

ಈ ಸಂಪ್ರದಾಯವು ಕನ್ನಡನಾಡಿನ ಗ್ರಂಥಗಳಲ್ಲಿ ಸೋಮೇಶ್ವರನೊಂದಿಗೇ ನಿಂತುಹೋಗಲಿಲ್ಲ. ಕೆಳದಿಯ ಬಸವಪ್ಪನಾಯಕನು ೧೭೦೯ರಲ್ಲಿ ರಚಿಸಿದ ಶಿವತತ್ತ್ವರತ್ನಾಕರದಲ್ಲಿ ಚಿತ್ರಪ್ರಕರಣವು ಬಂದಿದ್ದು, ಅದು ಬಹಳಮಟ್ಟಿಗೆ ಅಭಿಲಷಿತಾರ್ಥಚಿಂತಾಮಣಿಯನ್ನು ಅನುಸರಿಸುತ್ತದೆ.

೫

ಗ್ರಂಥದಲ್ಲಿ ವಿಧಿಯಿದ್ದ ಮಾತ್ರಕ್ಕೆ ಪ್ರಯೋಗವು ಹಾಗೆಯೇ ನಡೆಯಿತೆಂದು ಹೇಳಲಾಗದು. ಚಿತ್ರಗಳನ್ನೂ ವಿಚಾರಿಸಬೇಕು.

ಅಜಂತೆಯಲ್ಲಿ, ವಾಕಾಟಕ ಹರಿಷೇಣನ ಕಾಲದ, ಎಂದರೆ ಐದನೆಯ ಶತಮಾನದ ಉತ್ತರಾರ್ಧದ ಚಿತ್ರಗಳಲ್ಲಿ ವರ್ತನೆಯು ಪ್ರತ್ಯಕ್ಷವಾಗಿದೆ. ಒಂದನೆಯ ಗುಹೆಯ ಪದ್ಮಪಾಣಿಯಲ್ಲಿ ದೇಹದ ಅಂಚುಗಳು ದಟ್ಟವಾಗಿ, ಒಳಕ್ಕೆ ಬಂದಂತೆ ಬಣ್ಣವು ತಿಳಿಯಾಗುತ್ತದೆ. ಮೂಗಿನ ಏಣಿನ ಮೇಲೆ ಬೆಳಕಿನ ಗೆರೆಯಿದೆ. ಆದರೆ ದೇಹದ ನೆರಳು ನೆಲದ ಮೇಲಾಗಲಿ ಗೋಡೆಯ ಮೇಲಾಗಲಿ ಬಿದ್ದಿಲ್ಲ. ಅಂಚು ಎರಡು ಕಡೆಯೂ ಕಪ್ಪಾಗುವುದರಿಂದ ಬೆಳಕು ಇಂತಹ ದಿಕ್ಕಿನಿಂದ ಬಂದಿತೆಂದು ಹೇಳುವಂತಿಲ್ಲ. ಬಾದಾಮಿಯ ಮೂರನೆಯ ಗುಹೆಯು ಶಕವರ್ಷ ೫೦೦ರಲ್ಲಿ, ಎಂದರೆ ೫೭೮ರಲ್ಲಿ, ಮಂಗಳೇಶನಿಂದ ಪೂರ್ತಿಯಾದುದು. ಅದರ ಚಾಚುಛಾವಣಿಯ ಕೆಳಗೆ ಉಳಿದಿರುವ ಚಿತ್ರಶೇಷಗಳನ್ನು ಕ್ರಾಮ್ರಿಶ್ ಅವರು ೧೯೩೬ರಲ್ಲಿ ವಿವರಿಸಿದರು. ಬಹಳ ಮಾಸಿಹೋಗಿದ್ದರೂ ಅಂಗಗಳನ್ನು ದುಂಡಾಗಿ ಎತ್ತುವ ಪ್ರಯತ್ನವು ಅವುಗಳಲ್ಲಿಯೂ ಕಾಣುತ್ತದೆ.

ಕಾಲಕ್ರಮದಲ್ಲಿ ಈ ರೀತಿ ಕ್ಷೀಣಿಸಿದುದನ್ನೂ ಒಪ್ಪಿಕೊಳ್ಳಬೇಕು. ಮೂಡಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಯ ಚಿತ್ರಗಳು ಸೋಮೇಶ್ವರನ ಶತಮಾನಕ್ಕೇ ಸೇರಿದವು. ಅವುಗಳಲ್ಲಿ ರೇಖೆಯೇ ಪ್ರಧಾನ, ಬಣ್ಣವು ಬಹುಮಟ್ಟಿಗೆ ಸಮತಲ. ಹದಿನಾರನೆಯ ಶತಮಾನದ ಲೇಪಾಕ್ಷಿಯ ಛಾವಣಿಯ ಚಿತ್ರಗಳಲ್ಲಿಯೂ ಹಾಗೆಯೇ. ಕಲ್ಯಾಣದ ಅರಮನೆಯ ಭಿತ್ತಿಚಿತ್ರಗಳು ಉಳಿದಿಲ್ಲವಾದುದರಿಂದ ಸೋಮೇಶ್ವರನ ವಿಧಿಯನ್ನು ಅವನ ಗೋಡೆಗಳ ಮೇಲೆಯೇ ಪರೀಕ್ಷಿಸುವುದು ಅಸಾಧ್ಯ. ಬೆರಳೆರಡರಷ್ಟು ಅಗಲದ ಓಲೆಯಲ್ಲಿ ವರ್ತನೆಗೆ ಎಡೆಯೂ ಕಡಮೆ. ಆದರೂ ಶಾಸ್ತ್ರವು ಗ್ರಂಥದಿಂದ ಗ್ರಂಥಕ್ಕೆ ಇಳಿದು ಬರುತ್ತಿರುವಾಗಲೇ ಕೈಯ ಅಭ್ಯಾಸವು ಅನೇಕ ಕಡೆಗಳಲ್ಲಿ ಸಡಿಲವಾಯಿತೆಂಬುದು ಈ ಚಿತ್ರಗಳಿಂದ ವ್ಯಕ್ತವಾಗುತ್ತದೆ. ಇದಕ್ಕೆ ಪ್ರತಿಯಾಗಿ ಮೊಗಲರ ಆಸ್ಥಾನಚಿತ್ರಕಾರರಲ್ಲಿ ಸಣ್ಣ ಗೆರೆಗಳಿಂದಲೂ ಚುಕ್ಕೆಗಳಿಂದಲೂ ಮುಖವನ್ನು ಎತ್ತುವ 'ಪರ್ದಾಜ್' ಎಂಬ ಕೆಲಸವು ಬಹಳ ನಯವನ್ನು ಪಡೆಯಿತು. ಅದಕ್ಕೂ ಐರಿಕ ಬಿಂದುಜಗಳಿಗೂ ವಂಶಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಸಣ್ಣ ಕುಂಚದಿಂದ ದುಂಡನ್ನು ಸಾಧಿಸಹೊರಟ ಕೈಯು ಇದೇ ದಾರಿಯನ್ನು ಹಿಡಿಯುವುದು ಸಹಜ.

೬

ಐರೋಪ್ಯರ ಕ್ರಮಕ್ಕೂ ಇದಕ್ಕೂ ಇರುವ ಭೇದವನ್ನು ಈಗ ನಿರ್ಣಯಿಸಬಹುದು. ಇಟಲಿಯ ಚೆನ್ನೀನೋ ಚೆನ್ನೀನಿಯು ಸುಮಾರು ೧೪೦೦ರಲ್ಲಿ ಬರೆದ ಕೈಪಿಡಿಯು ಬಟ್ಟೆಯ ಮಡಿಕೆಗಳನ್ನು ಬರೆಯಲು ಒಂದೇ ಬಣ್ಣವನ್ನು ದಟ್ಟ, ಮಧ್ಯಮ, ತಿಳಿ ಎಂದು ಮೂರು ಬಟ್ಟಲುಗಳಲ್ಲಿ ಸಿದ್ಧಪಡಿಸಬೇಕೆಂದು ವಿಧಿಸುತ್ತದೆ. ಸೋಮೇಶ್ವರನ ಏಕವರ್ಣದ ತಾರತಮ್ಯಕ್ಕೆ ಇದು ತೀರ ಹತ್ತಿರ. ಆದರೆ ಅದೇ ಚೆನ್ನೀನಿಯು, ಚಿತ್ರ ಬರೆಯುವ ಪ್ರಾರ್ಥನಾಮಂದಿರದ ಕಿಟಕಿಯು ಯಾವ ಕಡೆಗಿದೆಯೋ ಆ ಕಡೆಯಿಂದ ಬೆಳಕು ಬಂದಂತೆ ಬರೆಯಬೇಕೆಂದು ಸೇರಿಸುತ್ತಾನೆ. ೧೪೩೫ರಲ್ಲಿ ಆಲ್ಬೆರ್ತಿಯು ಬಿಳುಪು ಕಪ್ಪುಗಳ ಬಳಕೆಯಿಂದ ಮುಖವು ಪಟದಿಂದ ಹೊರಚಾಚಿದಂತೆ ಕಾಣಬೇಕೆಂದು ಸಾರಿ, ಬೆಳಕಿನ ದಿಕ್ಕಿಗೂ ಕಣ್ಣಿನ ನೆಲೆಗೂ ಗಣಿತದ ನಿಯಮವನ್ನು ಕಟ್ಟಿದನು.

ಭೇದವಿರುವುದು ಇಲ್ಲಿಯೇ. ಐರೋಪ್ಯ ಕ್ರಮದಲ್ಲಿ ತಿಳಿ ದಟ್ಟಗಳನ್ನು ನಿಯಮಿಸುವುದು ಬೆಳಕು. ಭಾರತೀಯ ಕ್ರಮದಲ್ಲಿ ನಿಯಮಿಸುವುದು ವಸ್ತುವಿನ ಉಬ್ಬುತಗ್ಗು. ಒಂದರಲ್ಲಿ ಉಬ್ಬಿದ ಭಾಗವೂ ಬೆಳಕಿಗೆ ಮರೆಯಾಗಿದ್ದರೆ ಕಪ್ಪಾಗುವುದು. ಮತ್ತೊಂದರಲ್ಲಿ ಉಬ್ಬಿದ್ದು ಯಾವಾಗಲೂ ಉಜ್ವಲ. ಆ ಕಾರಣದಿಂದ ಒಂದು ಆಯಾ ಕ್ಷಣದ ಕಾಣ್ಕೆಯನ್ನು ಹಿಡಿಯುತ್ತದೆ, ಮತ್ತೊಂದು ಕೈಯಿಂದ ಸವರಿ ತಿಳಿಯುವ ಶಿಲ್ಪದ ಘನತ್ವವನ್ನು ಹಿಡಿಯುತ್ತದೆ. ಚಿತ್ರಾಭಾಸವೆಂಬ ಹೆಸರಿಗೆ ಇದು ಒಪ್ಪುತ್ತದೆ. ಬೀಳುನೆರಳೂ ಏಕದೃಷ್ಟಿಯ ಗಣಿತವೂ ಪ್ರಾಚೀನ ಭಾರತದಲ್ಲಿ ಅಭ್ಯಾಸದ ವಿಷಯಗಳಾಗಿರಲಿಲ್ಲವೆಂಬುದು ನಿಜ. ಘನತ್ವದ ಅಭ್ಯಾಸವೇ ಇರಲಿಲ್ಲವೆಂಬುದು ನಿಜವಲ್ಲ.

೭

ಈ ವಿವೇಚನೆಯಿಲ್ಲದೆ ಹೋದುದರ ಪರಿಣಾಮವನ್ನು ಹತ್ತೊಂಬತ್ತನೆಯ ಶತಮಾನದ ಚಿತ್ರಶಾಲೆಗಳಲ್ಲಿ ನೋಡಬಹುದು. ಲಂಡನ್ನಿನಲ್ಲಿ ಹೆನ್ರಿ ಕೋಲ್ ಮತ್ತು ರಿಚರ್ಡ್ ರೆಡ್‌ಗ್ರೇವ್ ಎಂಬವರು ೧೮೫೨ರ ತರುವಾಯ ೨೩ ಹಂತಗಳ ಪಾಠಕ್ರಮವೊಂದನ್ನು ರೂಪಿಸಿದರು. ಉಪಕರಣಗಳಿಂದ ಗೆರೆ ಎಳೆಯುವುದು, ಮಾದರಿ ಹಾಳೆಯನ್ನು ನೋಡಿ ಹೊರಗೆರೆ ಬರೆಯುವುದು, ಘನವಸ್ತುಗಳನ್ನು ನೋಡಿ ಬರೆಯುವುದು, ಬಳಿಕ ಅವಕ್ಕೆ ನೆರಳು ಕೊಡುವುದು, ಹೀಗೆ ಅದರ ಮೆಟ್ಟಲುಗಳು. ಮದರಾಸಿನಲ್ಲಿ ೧೮೫೦ರಲ್ಲಿ, ಕಲ್ಕತ್ತೆಯಲ್ಲಿ ೧೮೫೪ರಲ್ಲಿ, ಮುಂಬಯಿಯಲ್ಲಿ ೧೮೫೭ರಲ್ಲಿ ಪ್ರಾರಂಭವಾದ ಶಾಲೆಗಳಿಗೆ ಈ ಪದ್ಧತಿಯು ಮೇಲ್ಪಂಕ್ತಿಯಾಯಿತು. ಸಮಘನ, ಶಂಕು, ಉರುಳೆ, ಗೋಲಗಳ ಮಾದರಿಗಳು ಕ್ರಮೇಣ ಸಾಮಾನ್ಯ ಪಾಠಶಾಲೆಗಳಿಗೂ ಬಂದುವು.

ಇದರಲ್ಲಿ ಒಂದು ವಿಚಿತ್ರವಾದ ಪ್ರಸಂಗವೂ ಸೇರಿಕೊಂಡಿದೆ. ಮುಂಬಯಿಯ ಶಾಲೆಯ ಜಾನ್ ಗ್ರಿಫಿತ್ಸ್ ಎಂಬವರು ೧೮೭೨ರಿಂದ ೧೮೮೫ರ ವರೆಗೆ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಅಜಂತೆಯ ಚಿತ್ರಗಳ ಪ್ರತಿಗಳನ್ನು ಬರೆಯಿಸಿದರು. ಗೋಲ ಶಂಕುಗಳಿಗೆ ನೆರಳು ಕೊಟ್ಟು ಪಳಗಿದ ಕೈಗಳೇ ಪದ್ಮಪಾಣಿಯ ವರ್ತನೆಯನ್ನು ಎತ್ತಿಕೊಂಡುವು. ಆ ಪ್ರತಿಗಳಲ್ಲಿ ಅನೇಕವು ೧೮೮೫ರಲ್ಲಿ ಲಂಡನ್ನಿನ ದಕ್ಷಿಣ ಕೆನ್‌ಸಿಂಗ್‌ಟನ್ನಿನಲ್ಲಿ ಬೆಂಕಿಗೆ ಆಹುತಿಯಾದುವು; ಉಳಿದವುಗಳ ನೆರವಿನಿಂದ ೧೮೯೬–೯೭ರಲ್ಲಿ ಎರಡು ದೊಡ್ಡ ಸಂಪುಟಗಳು ಹೊರಬಂದುವು. ಅಜಂತೆಯ ಗೋಡೆಯು ಆ ವಿದ್ಯಾರ್ಥಿಗಳ ಕಣ್ಣಮುಂದೆ ಹದಿನಾಲ್ಕು ಶತಮಾನಗಳ ಹಿಂದಣ ಘನತ್ವದ ಪಾಠವನ್ನು ಹರಡಿತ್ತು. ಆದರೆ ಶಾಲೆಯ ಪಾಠಕ್ರಮಕ್ಕೆ ಅದು ಪ್ರವೇಶಿಸಲಿಲ್ಲ. ಚಿತ್ರಸೂತ್ರದ ಅನುವಾದವಾಗಲಿ ಮಾನಸೋಲ್ಲಾಸದ ಮುದ್ರಣವಾಗಲಿ ಆಗ ಇನ್ನೂ ಆಗಿರಲಿಲ್ಲ. ಗೋಡೆಯ ಮೇಲಿದ್ದುದಕ್ಕೆ ಹೆಸರು ಹೇಳಬಲ್ಲ ಗ್ರಂಥಗಳು ಓಲೆಕಟ್ಟುಗಳಲ್ಲಿಯೇ ಇದ್ದುವು.

೧೮೯೬ರಲ್ಲಿ ಕಲ್ಕತ್ತೆಯ ಶಾಲೆಗೆ ಬಂದ ಹ್ಯಾವೆಲರು ಐರೋಪ್ಯ ಮಾದರಿಗಳ ಪ್ರಾಬಲ್ಯವನ್ನು ತಗ್ಗಿಸಿದುದು ಆಗ ಅತ್ಯವಶ್ಯವಾಗಿದ್ದ ಕಾರ್ಯ. ಆದರೆ ಅದರ ಹಿಂದೆಯೇ, ದುಂಡುತನವೆಲ್ಲ ಪರಕೀಯವೆಂಬ ಭಾವನೆಯೂ ಕೆಲವರಲ್ಲಿ ಬೇರೂರಿತು. ಒಂದು ಕಾಲದವರು ತಮ್ಮದನ್ನು ಹೊಸದಾಗಿ ಕಲಿಸಲು ಬಂದರು. ಮತ್ತೊಂದು ಕಾಲದವರು ತಮ್ಮದೇ ಆದುದನ್ನು ಬೇಡವೆಂದರು. ಪತ್ರಜ ಐರಿಕ ಬಿಂದುಜಗಳು ಇಬ್ಬರಿಗೂ ದೊರೆಯದೆ ಉಳಿದುವು.

ಮೇಲಿನ ವಿಚಾರದಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಸ್ಥಾನಗಳ ಮೂಲಕ ರೇಖೆಯಲ್ಲಿಯೂ ವರ್ತನೆಯ ಮೂಲಕ ಬಣ್ಣದಲ್ಲಿಯೂ ಘನತ್ವವನ್ನು ಸಾಧಿಸುವ ಕ್ರಮವಾದ ಅಭ್ಯಾಸವು ಪ್ರಾಚೀನ ಭಾರತದಲ್ಲಿ ಇದ್ದಿತು. ಅದರ ಅತ್ಯಂತ ಸ್ಪಷ್ಟವಾದ ನಿರೂಪಣೆಗಳಲ್ಲೊಂದು ಕನ್ನಡನಾಡಿನ ಅರಸನೊಬ್ಬನ ಗ್ರಂಥದಲ್ಲಿದೆ. ಆ ಅಭ್ಯಾಸವು ಬೆಳಕನ್ನಲ್ಲದೆ ವಸ್ತುವನ್ನೇ ಅನುಸರಿಸಿದುದರಿಂದ ಅದನ್ನು ಐರೋಪ್ಯ ಛಾಯೆಯ ಅಳತೆಯಿಂದ ಅಳೆಯುವುದು ಯುಕ್ತವಲ್ಲ. ಕಾವ್ಯಗಳಲ್ಲಿ ಬರುವ ಚಿತ್ರವರ್ಣನೆಗಳನ್ನು ಓದುವಾಗ ನಿಮ್ನ, ಉನ್ನತ, ವರ್ತನೆ, ಕ್ಷಯ, ವೃದ್ಧಿ ಎಂಬ ಮಾತುಗಳನ್ನು ಅಲಂಕಾರಗಳೆಂದು ಬಿಡದೆ, ಕುಂಚವನ್ನು ಹಿಡಿದವರ ನಿತ್ಯದ ಮಾತುಗಳೆಂದು ಗ್ರಹಿಸಿದರೆ, ಕವಿಯು ಅಲ್ಲಿ ಹೇಳಿದ್ದು ಎಷ್ಟು ಖಚಿತವಾದುದೆಂಬುದು ತಾನಾಗಿಯೇ ತಿಳಿದುಬರುವುದು.